ಇಳಿಜಾರಿನ ಟ್ರಯಲ್

ಮತ್ತೆ ತೊಳೆಯುತ್ತಿದ್ದಾನೆ, ಮಂಗಳವಾರದಿಂದ ಇವತ್ತಿಗೆ ಮೂರನೆಯ ಸಲ, ಸೀಟಿನ ಅಂಚಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜುತ್ತಿದ್ದಾನೆ, ತಿಂಗಳಿಗೊಮ್ಮೆಯೂ ಗಾಡಿಗೆ ಬಟ್ಟೆ ತಗುಲಿಸದವನು, ಗಾಡಿ ಅಂದ್ರೆ ಓಡಬೇಕು ಅಣ್ಣ ಹೊಳೀಬೇಕು ಅಂತೇನಿಲ್ಲ ಎನ್ನುತ್ತಿದ್ದವನು — ನನ್ನ ತಮ್ಮ, ಬೀದಿಯಲ್ಲಿ ಎಲ್ಲರೂ ರಾಕೆಟ್ ಎಂದು ಕರೆಯುವ ನನ್ನ ಒಬ್ಬನೇ ತಮ್ಮ, ಗ್ಯಾರೇಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತನ್ನ ಬೈಕಿನಿಂದ ಏನನ್ನೋ ಅಳಿಸುತ್ತಿದ್ದಾನೆ, ನಾನು ಒಳಗೆ ಚೈನ್ ಬಿಗಿ ಮಾಡುವ ನೆಪದಲ್ಲಿ ನೋಡುತ್ತಿದ್ದೇನೆ, ಸ್ಪ್ಯಾನರ್ ಕೈಯಲ್ಲಿದೆ, ನಟ್ ಎಲ್ಲಿ ಉರುಳಿತೋ ಗೊತ್ತಿಲ್ಲ. ಚರಂಡಿ ವಾಸ್ನೆ ಹೋಗ್ತಾನೇ ಇಲ್ಲ ಅಣ್ಣ ಅಂದ, ನಾನು ಕೇಳಿರಲಿಲ್ಲ, ಕೇಳದೆ ಉತ್ತರ ಕೊಡುವವನನ್ನು ಏನೆನ್ನಬೇಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚರಂಡಿಯ ವಾಸನೆ ಇವನ ಗಾಡಿಗೆ ಹೇಗೆ ಬಂತು, ಅದನ್ನು ಮಾತ್ರ ಹೇಳುವುದಿಲ್ಲ. ಮಂಗಳವಾರ ಹನ್ನೊಂದೂವರೆಗೆ ಶಾಲೆಯ ಗೋಡೆ ಪಕ್ಕದ ಇಳಿಜಾರಿನಲ್ಲಿ ಯಾವನೋ ಬೈಕಿನವನು ಮೈಮೇಲೆ ಜ್ಞಾನವಿಲ್ಲದವನ ಹಾಗೆ ನುಗ್ಗಿ ಬಂದ, ಇಸ್ತ್ರಿ ಅಕ್ಕ, ನಮ್ಮ ಬೀದಿಯ ಅಷ್ಟೂ ಮನೆಗಳ ಬಟ್ಟೆ ಇಸ್ತ್ರಿ ಮಾಡಿಕೊಡುವ ಹೆಂಗಸು, ಚರಂಡಿಗೆ ಬಿದ್ದಳು, ಸೊಂಟದ ಮೂಳೆ ಮುರಿಯಿತು, ಅವನು ತಿರುಗಿಯೂ ನೋಡಲಿಲ್ಲ. ಸದ್ದು ಕೇಳಿದವರಿದ್ದಾರೆ, ಮುಖ ಕಂಡವರಿಲ್ಲ. ಯಾರೋ ಆಟೋ ಹತ್ತಿಸಿದರಂತೆ, ಯಾರು ಅಂತ ನಾನು ಕೇಳಲು ಹೋಗಲಿಲ್ಲ, ಕೇಳಿದರೆ ನಿಮಗ್ಯಾಕೆ ಅಷ್ಟು ಕಾಳಜಿ ಅನ್ನುತ್ತಾರೆ ಜನ. ಅದೇ ಹೊತ್ತಿಗೆ ಕ್ಲಚ್ ಪ್ಲೇಟ್ ತರಲು ಹೋಗಿದ್ದ ತಮ್ಮ, ಹತ್ತು ನಿಮಿಷದ ಕೆಲಸ, ಎರಡು ಗಂಟೆಗೆ ಬಂದ, ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಪ್ಲೇಟ್ ಇಲ್ಲ. ಅಂಗಡಿ ಮುಚ್ಚಿತ್ತು ಅಂದ. ಮಂಗಳವಾರ ಯಾವ ಅಂಗಡಿ ಮುಚ್ಚಿರುತ್ತದೆ.

ಒಂದೇ ಚಕ್ರದಲ್ಲಿ ಓಡಿಸುವವನು ಅವನು, ನಾನಲ್ಲ. ಕೈಬಿಟ್ಟು ಓಡಿಸುವವನು, ಸೈಲೆನ್ಸರಿನ ಹೊಟ್ಟೆ ಬಗೆದು ಬೀದಿಯ ಕೂಸುಗಳನ್ನೆಲ್ಲ ಬೆಚ್ಚಿ ಏಳಿಸುವವನು, ಅವನ ಸದ್ದು ಕೇಳಿದರೆ ಸಾಕು ಎದುರುಮನೆಯ ಅಜ್ಜಿ ಗೋಡೆಗೆ ಅಂಟಿ ನಿಂತುಬಿಡುತ್ತಾಳೆ, ಆಮೇಲೆ ಕಾಲು ಗಂಟೆಯಾದರೂ ರಸ್ತೆ ದಾಟುವುದಿಲ್ಲ, ತಾಯಂದಿರು ಮಕ್ಕಳ ರೆಟ್ಟೆ ಹಿಡಿದು ಎಳೆದುಕೊಳ್ಳುತ್ತಾರೆ, ನಾಯಿಗಳು ಬೊಗಳುವುದನ್ನೇ ಬಿಟ್ಟಿವೆ, ಓಡುತ್ತವೆ ಅಷ್ಟೆ. ಎಷ್ಟು ಸಲ ಹೇಳಿಲ್ಲ ನಾನು, ಲೋ, ನಿನ್ನ ಒಂದು ನಿಮಿಷದ ಶೋಕಿಗೆ ಇನ್ನೊಬ್ರು ಜೀವಮಾನ ಪೂರ್ತಿ ಕುಂಟಬೇಕಾಗುತ್ತೆ ಕಣೋ, ಹೂಂ ಅಣ್ಣ ಅನ್ನುತ್ತಾನೆ, ಹಲ್ಲು ಕಿರಿಯುತ್ತಾನೆ, ಗೋರ್ಕಲ್ಲ ಮೇಲೆ ಮಳೆಗರೆದಂತೆ. ನಾನೂ ಇಪ್ಪತ್ತೆರಡು ವರ್ಷದಿಂದ ಗಾಡಿ ಹಿಡಿದಿದ್ದೇನೆ, ಒಂದು ಕೋಳಿಮರಿಗೂ ತಗುಲಿಸಿಲ್ಲ, ಅದೂ ದಿನಕ್ಕೆ ನಾಲ್ಕೈದು ಟ್ರಯಲ್, ರಿಪೇರಿಯಾದ ಪ್ರತಿ ಗಾಡಿಯನ್ನೂ ಆ ಇಳಿಜಾರಿನಲ್ಲಿ ಇಳಿಸಿ ನೋಡಲೇಬೇಕು, ನಿಂತ ಜಾಗದಲ್ಲಿ ಇಂಜಿನ್ ಸುಳ್ಳು ಹೇಳುತ್ತದೆ, ವೇಗದಲ್ಲಿ ಮಾತ್ರ ನಿಜ ಬಾಯಿಬಿಡುತ್ತದೆ, ಆದರೆ ಅದು ಓಡಿಸುವುದಲ್ಲ, ಕೇಳುವುದು, ಅದು ಕೆಲಸ — ಇದ್ಯಾಕೆ ಈಗ ತಲೆಗೆ ಬಂತು, ತಮ್ಮನ ವಿಷಯ ಯೋಚಿಸುತ್ತಿದ್ದೆ. ಹಾಂ, ರಿಪೇರಿಗೆ ಬಂದಿದ್ದ ಅಂಚೆಯವರ ಬೈಕು. ನನ್ನ ಕೆಲಸಕ್ಕೆ ಒಂದು ಕಡ್ಡಿ ಎತ್ತಿಕೊಡದವನು ಮಂಗಳವಾರ ಬಂದವನೇ ಅಂಚೆಯವರ ಬೈಕಿಗೆ ಬಿಚ್ಚಿಟ್ಟಿದ್ದ ಕನ್ನಡಿಗಳನ್ನು ತಾನೇ ಹಾಕಿದ, ಚಕ್ರ ಒರೆಸಿದ, ನಾನೇ ಕೊಟ್ಟು ಬರ್ತೀನಿ ಬಿಡು ಅಣ್ಣ ಎಂದು ಒಯ್ದುಬಿಟ್ಟ. ಯಾಕೆ ಇದ್ದಕ್ಕಿದ್ದಂತೆ ಇಷ್ಟು ವಿನಯ. ಗ್ಯಾರೇಜಿನಲ್ಲಿ ಕಾಣಿಸಿಕೊಳ್ಳಬಾರದು, ಅದಕ್ಕೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕವೆಲ್ಲ ಕುರುಡಾಗುತ್ತದೆಯೇ.

ನಿನ್ನೆ ಅವನು ಊಟಕ್ಕೆ ಒಳಗೆ ಹೋದಾಗ ಟಾರ್ಚ್ ಹಿಡಿದು ಅವನ ಬೈಕಿನ ಪಕ್ಕ ನೆಲದ ಮೇಲೆ ಮಲಗಿದೆ, ಎಡಗಡೆಯ ಫುಟ್‌ರೆಸ್ಟಿನಲ್ಲಿ ಬೆರಳುದ್ದ ಗೀರು, ಹೊಸದು, ಹಳೆಯ ಗೀರಿನಲ್ಲಿ ಗ್ರೀಸು ಧೂಳು ಸೇರಿ ಕಪ್ಪು ಕೂರುತ್ತದೆ, ಇದರಲ್ಲಿ ಕೂತಿಲ್ಲ, ಹ್ಯಾಂಡಲಿನ ತುದಿಯೂ ಉಜ್ಜಿದೆ, ಸಿಕ್ಕಿಬಿದ್ದೆಯಲ್ಲೋ ಮಗನೇ. ಹೆಂಡತಿಗೆ ಹೇಳಿದರೆ, ನಿಮಗೆ ಹಗ್ಗ ಕಂಡ್ರೂ ಹಾವೇ, ಒಂದ್ಸಲ ಬಾಯಿಬಿಟ್ಟು ಅವನನ್ನೇ ಕೇಳಬಾರ್ದಾ, ಒಂದೇ ಹೊಟ್ಟೇಲಿ ಹುಟ್ಟಿದೋರಲ್ವಾ ಅಂತಾಳೆ. ಕೇಳಿದರೆ ನಿಜ ಹೇಳಲು ಅವನೇನು ಸತ್ಯಸಂಧನೇ. ಅವಳ ಮೇಲೂ ನನಗೆ ನಂಬಿಕೆಯಿಲ್ಲ, ಎರಡು ದಿನದಿಂದ ಮೈದುನನಿಗೆ ಟಿಫನ್ ಕ್ಯಾರಿಯರ್ ತುಂಬಿ ಕೊಡುತ್ತಿದ್ದಾಳೆ, ಯಾರಿಗೆ ಅಂದರೆ ಅವನ ಸ್ನೇಹಿತನಿಗೆ ಹುಷಾರಿಲ್ವಂತೆ, ಅನ್ನುವಾಗ ನನ್ನ ಮುಖ ನೋಡುವುದಿಲ್ಲ. ಬೆಳಿಗ್ಗೆ ಪೇದೆ ಬಂದಿದ್ದ, ಬ್ರೇಕ್ ಕೇಬಲ್ ಹಾಕಿಸಿಕೊಳ್ಳಲು, ಸ್ಟೂಲಿನ ಮೇಲೆ ಕೂತು ಟೀ ಊದಿಕೊಳ್ಳುತ್ತ ಹೇಳಿದ, ಆಯಮ್ಮ ಇನ್ನು ನಿಂತು ಇಸ್ತ್ರಿ ಮಾಡೋದು ಡೌಟಂತೆ ಮೇಸ್ತ್ರಿ, ಎದ್ದು ನಡೆದ್ರೆ ಅದೇ ಹೆಚ್ಚು ಅಂತಾರೆ ಡಾಕ್ಟ್ರು, ನಿಮ್ ಕಡೆ ಬರೋ ಗಾಡೀಲಿ ಏನಾದ್ರೂ ಕಂಡ್ರೆ ಹೇಳಿ, ಗಾಡಿ ಮೈ ನೋಡಿ ಜಾತಕ ಹೇಳೋರು ನೀವು. ಆ ಹೊಗಳಿಕೆಗೇ ಬಾಯಿ ಸಡಿಲವಾಯಿತೋ ಏನೋ, ನನ್ನ ತಮ್ಮನ ಗಾಡಿ ಒಂದ್ಸಲ ನೋಡಿ ಅಂದುಬಿಟ್ಟೆ. ಅಪ್ಪ ಹೋದಾಗ ಏಳು ವರ್ಷ ಅವನಿಗೆ, ನನ್ನ ಹೆಗಲ ಮೇಲೆ ಕೂತು ಬೆಳೆದವನು. ಪೇದೆ ತಲೆಯಾಡಿಸಿ, ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಆಯಮ್ಮನ ಹೇಳಿಕೆ ತಗೊಂಡು, ಆಮೇಲೆ ಅವನನ್ನ ಕರ್ಕೊಂಡು ಹೋಗ್ತೀನಿ ಅಂದ. ಸರಿಯೇ ಮಾಡಿದೆ ನಾನು, ತಪ್ಪಿಗೆ ತಮ್ಮನೂ ಒಂದೇ ಪರರೂ ಒಂದೇ, ನಾಳೆ ಇವನು ಎದುರುಮನೆ ಅಜ್ಜಿಯನ್ನೂ ಬೀಳಿಸುತ್ತಾನೆ. ಸರಿಯೇ ಮಾಡಿದೆ ಎಂದು ಬೆಳಿಗ್ಗೆಯಿಂದ ಹತ್ತು ಸಲ ಹೇಳಿಕೊಂಡಿದ್ದೇನೆ.

ಹೊರಟ ನೋಡು, ಕ್ಯಾರಿಯರ್ ಹ್ಯಾಂಡಲಿಗೆ ನೇತುಹಾಕಿಕೊಂಡು, ಇವತ್ತು ನಿಧಾನಕ್ಕೆ ಹೋಗುತ್ತಿದ್ದಾನೆ, ನಡೆದೇ ಹಿಂಬಾಲಿಸಬಹುದು ಅಷ್ಟು ನಿಧಾನ, ರಾಕೆಟ್ ಯಾವಾಗ ಎತ್ತಿನಗಾಡಿಯಾಯಿತೋ, ಮೂಲೆ ತಿರುಗಿದ, ಔಷಧಿ ಅಂಗಡಿ ದಾಟಿದ, ಆಸ್ಪತ್ರೆಯ ಗೇಟಿಗೆ — ಹಾಗಾದರೆ ಸ್ನೇಹಿತನಲ್ಲ, ಇಸ್ತ್ರಿ ಅಕ್ಕನಿಗೆ, ಬಾಯಿ ಮುಚ್ಚಿಸಲು ಊಟ, ಎಂಥ ತಲೆ ಇವನದು. ಹೆಂಗಸರ ವಾರ್ಡು, ಫಿನಾಯಿಲ್ ವಾಸನೆ, ಹಸಿರು ಪರದೆ, ಪಕ್ಕದ ಮಂಚ ಖಾಲಿ, ಪರದೆಯ ಈಚೆ ನಾನು ಉಸಿರು ಬಿಗಿಹಿಡಿದು ನಿಂತಿದ್ದೇನೆ, ನರ್ಸ್ ನೋಡಿ ಹುಬ್ಬು ಹಾರಿಸಿದಳು, ರೋಗಿ ಕಡೆಯವನು ಅಂದೆ. ಅಕ್ಕ, ಪೊಲೀಸಿನೋರು ಬರ್ತಾರೆ, ಕೇಳಿದ್ರೆ ನಾನೇ ಅಂತ ಹೇಳಿಬಿಡಿ — ತಮ್ಮನ ದನಿ. ಸಿಕ್ಕಿತು, ಅವನ ಬಾಯಿಂದಲೇ, ಎದೆಯಲ್ಲಿ ಒಂದು ಖುಷಿ ಎದ್ದಿತು, ನೋಡಿದೆಯಾ ಎಂದು ಹೆಂಡತಿಯ ಮುಂದೆ ನಿಲ್ಲಬೇಕು, ಇದೆಂಥ ಖುಷಿ, ಥೂ. ಏನೋ ಹೇಳ್ತೀಯ ನೀನು, ನನ್ನ ಸೊಂಟ ಮುರಿದಿದೆ ಕಣ್ಣು ಮುರಿದಿಲ್ಲ, ಇಸ್ತ್ರಿ ಅಕ್ಕನ ದನಿ, ಅವನು ಕೆಳಗೆ ಹೋದ, ನೀನು ಮೇಲಿಂದ ಬಂದೆ, ಗಾಡೀನ ರಸ್ತೇಲೇ ಬೀಳಿಸಿ ಚರಂಡಿಗಿಳಿದು ನನ್ನ ಎತ್ತಿದೆ, ಎತ್ತಿದವನನ್ನೇ ಬೀಳ್ಸಿದವನು ಅಂದ್ರೆ ನಾಲಿಗೆ ಬಿದ್ದುಹೋಗಲ್ವಾ ನನಗೆ. ಗಾಡಿ ಬೀಳಿಸಿ, ಹಾಗಾದರೆ ಆ ಗೀರು, ಆ ಕೆಸರು, ಎರಡು ಗಂಟೆಯವರೆಗೆ — ಮತ್ತೆ ಯಾರಿಗೋಸ್ಕರ ನಾನೇ ಅಂತಾನೆ ಇವನು. ಮುಖ ಕಾಣಲಿಲ್ಲ ಅವನದು, ಹೇಳುತ್ತಲೇ ಇದ್ದಾಳೆ, ಗಾಡಿಗೆ ಕನ್ನಡಿ ಇರಲಿಲ್ಲ, ತಲೇಲಿ ಹೆಲ್ಮೆಟ್ ಇಲ್ಲ, ತಲೆ ಪೂರ್ತಿ ಬಗ್ಗಿಸಿ ಇಂಜಿನ್ನಿಗೆ ಕಿವಿ ಕೊಟ್ಟಿದ್ದ, ಒಳಗಿಂದ ಯಾರೋ ಮಾತಾಡ್ತಿರೋ ಹಾಗೆ, ನೆತ್ತಿ ಮೇಲೆ ಅಂಗೈ ಅಗಲ ಕೂದಲಿಲ್ಲದ ಬಯಲು, ಅಷ್ಟೇ ನಾನು ಕಂಡಿದ್ದು, ಏಯ್ ಅಂತ ಕೂಗಿದೆ, ಕೇಳಲಿಲ್ಲ ಅವನಿಗೆ, ಬಟ್ಟೆ ಗಂಟು ಹಿಡ್ಕೊಂಡೇ ಹಾರಿದೆ. ಬಿದ್ದ ಮೇಲೂ ಕೈ ಮೇಲೆತ್ತಿ ಹಿಡಿದಿದ್ದೆ, ನೀನು ಬಂದು ಗಂಟು ತಗೊಳ್ಳೋವರೆಗೂ ಇಳಿಸಲಿಲ್ಲ, ಜನರ ಬಟ್ಟೆ ನೋಡು, ಬೆಳಿಗ್ಗೆಯಿಂದ ಇಸ್ತ್ರಿ ಮಾಡಿದ್ದು. ಸೊಂಟ ಹೋಯ್ತು, ಬಟ್ಟೆ ಒದ್ದೆಯಾಗಲಿಲ್ಲ ಎಂದು ನಕ್ಕಳು.

ನನ್ನ ಕೈ ನೆತ್ತಿಯ ಮೇಲಿದೆ, ಯಾವಾಗ ಹೋಯಿತೋ, ಬಯಲು ತಣ್ಣಗಿದೆ. ಮಂಗಳವಾರ ಅಂಚೆಯವರ ಬೈಕು, ಎಲ್ಲಿಂದಲೋ ಟಿಕ್ ಟಿಕ್ ಸದ್ದು, ನಿಂತಾಗ ಬರುವುದಿಲ್ಲ, ವೇಗಕ್ಕೆ ಮಾತ್ರ ಬರುತ್ತದೆ, ಹೆಲ್ಮೆಟ್ ಹಾಕಿದರೆ ಕೇಳುವುದಿಲ್ಲ, ಕನ್ನಡಿ ಬಿಚ್ಚಿಟ್ಟಿದ್ದೇನೆ, ಇಳಿಜಾರಿನಲ್ಲಿ ಎಪ್ಪತ್ತಕ್ಕೆ ಏರಿಸಿ ತಲೆ ಬಗ್ಗಿಸಿ ಕಿವಿ ಕೊಟ್ಟೆ, ಇಪ್ಪತ್ತೆರಡು ವರ್ಷದಿಂದ ಹೀಗೆಯೇ, ರಸ್ತೆ ನನಗೆ ಬಾಯಿಪಾಠ, ನೋಡಬೇಕಾಗಿಯೇ ಇಲ್ಲ — ಏಯ್ ಎಂದು ಒಂದು ಕೂಗು, ಶಾಲೆಯ ಗೋಡೆಯಾಚೆ ಯಾರೋ ಆಡುತ್ತಿದ್ದಾರೆ ಅಂದುಕೊಂಡೆ, ಅಷ್ಟರಲ್ಲಿ ಸದ್ದು ಸಿಕ್ಕಿತು, ಟೈಮಿಂಗ್ ಚೈನು, ಸಿಕ್ಕಿತಲ್ಲ ಎಂದು ಸಂತೋಷವಾಯಿತು, ಕೆಳಗಿನ ರಸ್ತೆಯಿಂದ ಸಿಳ್ಳೆ ಹಾಕುತ್ತ ಸುತ್ತಿ ಬಂದೆ. ಇಳಿಜಾರಿನ ಮೇಲುತುದಿಯಲ್ಲಿ ನಿಂತು ತಮ್ಮ ಎಲ್ಲ ನೋಡಿದ್ದಾನೆ. ಬಿಡಿ ಅಕ್ಕ, ತಮ್ಮ ಹೇಳುತ್ತಿದ್ದಾನೆ, ಹೇಗೂ ಬೀದಿಯೆಲ್ಲ ನನ್ನೇ ಬೈಯುತ್ತೆ, ಇನ್ನೊಂದು ಸೇರ್ಕೊಳುತ್ತೆ ಅಷ್ಟೆ. ಬೂಟಿನ ಸದ್ದು, ಪೇದೆ ಆ ಕಡೆಯಿಂದ ಬಂದ, ನೀನು ಇಲ್ಲೇ ಇದೀಯಾ, ಒಳ್ಳೇದಾಯ್ತು, ಮಂಗಳವಾರ ಗಾಡೀಲಿದ್ದೋನು ನೀನೇನಾ. ಹೌದು ಸಾರ್ ನಾನೇ. ಇಲ್ಲ ಸಾರ್ ಸುಳ್ಳು ಅಂತಾಳೆ ಇಸ್ತ್ರಿ ಅಕ್ಕ. ನೀವು ಸುಮ್ನಿರಿ ಅಮ್ಮಾ, ನಿಮಗೆ ಮುಖಾನೇ ಕಂಡಿಲ್ವಂತೆ, ಇವನ ಸ್ವಂತ ಅಣ್ಣನೇ ಬೆಳಿಗ್ಗೆ ಇವನ ಗಾಡಿ ನೋಡಿ ಅಂದ್ರು. ಅಣ್ಣನಾ, ಅಂದ ತಮ್ಮ. ಕ್ಯಾರಿಯರಿನ ಮುಚ್ಚಳ ಹಾಕಿದ ಸದ್ದು, ಆಮೇಲೆ, ಹಾಗಾದ್ರೆ ಸರಿ ಸಾರ್, ಗಾಡಿ ವಿಷಯದಲ್ಲಿ ಅಣ್ಣ ತಪ್ಪು ಹೇಳಲ್ಲ, ನಡೀರಿ ಅಂದ. ಪರದೆ ನನ್ನ ಮುಷ್ಟಿಯಲ್ಲಿದೆ, ಎಳೆದರೆ ಸಾಕು, ಒಂದು ಮಾತು, ನಾನು ಅಂದರೆ ಸಾಕು, ಮಂಚದ ಪಕ್ಕ ಸ್ಟೂಲು ಸರಿದ ಸದ್ದು, ಏಳುತ್ತಿದ್ದಾನೆ, ಈಗ ಹೇಳಬೇಕು, ಈಗಲೇ, ಆದರೆ ಕಣ್ಣೆದುರು ಅದೇ, ನಾನು ತಿರುಗಿ ನೋಡದ ಆ ಚರಂಡಿ, ಕರಿ ನೀರಿನಿಂದ ಮೇಲೆದ್ದ ಒಂದು ಕೈ, ಕೈಯಲ್ಲಿ ಬಿಳಿ ಬಟ್ಟೆಯ ಗಂಟು, ತಗೊಳ್ಳುವವರಿಲ್ಲ, ಆ ಕೈ ಇಳಿಯುತ್ತಿಲ್ಲ, ಆ ಕೈ