ತಳದ ಹಾಲು

ಅಮ್ಮ ಹೋದ ಮೇಲೂ ಉಗ್ರಾಣದಲ್ಲಿ ಡಬ್ಬಿ ತಟ್ಟುವ ಸದ್ದು ನಿಲ್ಲಲಿಲ್ಲ.

ಬೆಳಗಿನ ಹೊತ್ತು, ನಾನಿನ್ನೂ ಹೊದಿಕೆಯೊಳಗೆ ಇರುವಾಗಲೇ, ಬೆರಳ ಗೆಣ್ಣು ತಗಡಿಗೆ ತಾಗುವ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು. ಟಕ್. ಸ್ವಲ್ಪ ತಡೆದು, ಇನ್ನೊಂದು ಟಕ್. ಒಂದು ಡಬ್ಬಿಯಿಂದ ಪಕ್ಕದ ಡಬ್ಬಿಗೆ ಸರಿಯುವಷ್ಟು ಬಿಡುವು. ಅಪ್ಪ ಇರಬೇಕು ಅಂದುಕೊಂಡೆ. ಹೆಂಡತಿ ಮಾಡುತ್ತಿದ್ದ ಕೆಲಸವನ್ನು ಗಂಡ ಮಾಡಿದರೆ ಅದರಲ್ಲಿ ವಿಚಿತ್ರವೇನು? ಎದ್ದು ನೋಡಲು ಮಾತ್ರ ಹೋಗಲಿಲ್ಲ.

ನಮ್ಮ ಉಗ್ರಾಣ ಅಂದರೆ ಅಡುಗೆಮನೆಗೂ ಮೆಟ್ಟಿಲ ಗೋಡೆಗೂ ನಡುವೆ ಉಳಿದುಹೋದ, ಕಿಟಕಿಯಿಲ್ಲದ ಒಂದು ಇಕ್ಕಟ್ಟು ಕೋಣೆ. ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಬಾಗಿಲಲ್ಲೇ ಕಾಯಬೇಕು. ಅಪ್ಪ ಕೆಲಸದಲ್ಲಿದ್ದಷ್ಟು ಕಾಲ ಲಿಫ್ಟ್ ದುರಸ್ತಿ ಮಾಡಿದವನು. "ಇದು ಎಲ್ಲಿಗೂ ಹೋಗದ ಲಿಫ್ಟು," ಎಂದು ಅಮ್ಮನನ್ನು ಕೆಣಕುತ್ತಿದ್ದ. "ನಿಮ್ಮ ಲಿಫ್ಟುಗಳು ಮಾತ್ರ ಎಲ್ಲಿಗೆ ಹೋದ್ವು? ಮೇಲೆ ಹೋಗಿ ಕೆಳಗೆ ಬಂದ್ವು," ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಆ ಕೋಣೆಯ ನಡು ಹಲಗೆಯ ಮೇಲೆ ಹಾಲಿನ ಪುಡಿಯ ಡಬ್ಬಿಗಳ ಸಾಲು. ನಾನು ನಡೆಯಲು ಕಲಿಯುತ್ತಿದ್ದ ವರ್ಷ ಊರಿನ ದಾರಿಗಳೆಲ್ಲ ಮುಚ್ಚಿ, ಹಾಲಿನ ಗಾಡಿ ಬರುವುದು ನಿಂತುಹೋಗಿತ್ತಂತೆ. ಆಗ ಕೆಳಗಿನ ಮನೆಯವರು ಕೊಟ್ಟ ಒಂದು ಡಬ್ಬಿ ಪುಡಿಯಿಂದ ಅಣ್ಣನನ್ನೂ ನನ್ನನ್ನೂ ಸಾಕಿದಳಂತೆ. ಅಲ್ಲಿಂದಾಚೆಗೆ ಅವಳು ಯಾವ ಹಸುವನ್ನೂ ನಂಬಲಿಲ್ಲ. "ಹಸುವಿನ ಹಾಲು ಇನ್ನೂ ದಾರಿ ದಾಟಿ ಬರಬೇಕು. ಇದು ಆಗಲೇ ಬಂದು ಕೂತಿದೆ," ಎನ್ನುತ್ತಿದ್ದಳು.

ಅಂಗಡಿಯಲ್ಲಿ ಅವಳ ಜೊತೆ ನಿಲ್ಲುವುದೆಂದರೆ ನನಗೆ ನಾಚಿಕೆ. ಡಬ್ಬಿಯನ್ನು ತಲೆಕೆಳಗು ಮಾಡಿ, ಅಂಚಿನ ಬೆಸುಗೆಯ ಉದ್ದಕ್ಕೂ ಹೆಬ್ಬೆರಳು ಎಳೆದು, ಬಾಯಿಯ ಹತ್ತಿರ ಒಂದು ಸಣ್ಣ ತಗ್ಗು ಸಿಕ್ಕರೂ ವಾಪಸು ಇಟ್ಟುಬಿಡುತ್ತಿದ್ದಳು. ಕೊಬ್ಬು ತೆಗೆದ ಪುಡಿಯೇ ಆಗಬೇಕು. ಕೆನೆಯ ಪುಡಿ ರುಚಿ ಹೆಚ್ಚು, ಆದರೆ ಬೇಗ ಮುಗ್ಗುತ್ತದೆ. ಅದು ನೆಂಟರಿಗೆ, ಇದು ಕಷ್ಟಕಾಲಕ್ಕೆ. ಮನೆಗೆ ತಂದ ಹೊಸ ಡಬ್ಬಿ ಹಿಂದಕ್ಕೆ, ಹಳೆಯದು ಮುಂದಕ್ಕೆ. ದಿನ ಬೆಳಗಾದರೆ ಒಂದೊಂದನ್ನೂ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳು. ಒಳಗಿನ ಪುಡಿ ಸಡಿಲವಾಗಿದ್ದರೆ ಮರಳು ಸರಿದಂತೆ ಸದ್ದು. ತೇವ ಹೊಕ್ಕು ಗಟ್ಟಿಯಾಗಿದ್ದರೆ ಕಲ್ಲಿನ ಸದ್ದು.

ಎರಡು ವಿಷಯಗಳಲ್ಲಿ ಅವಳು ಯಾರನ್ನೂ ಕ್ಷಮಿಸುತ್ತಿರಲಿಲ್ಲ. ಹಳೆಯ ಪುಡಿಯ ಮೇಲೆ ಹೊಸದನ್ನು ಸುರಿಯಬಾರದು. ಡಬ್ಬಿ ಪೂರ್ತಿ ಖಾಲಿಯಾಗಿ, ತೊಳೆದು, ಒಣಗಿದ ಮೇಲೇ ತುಂಬಬೇಕು. ಮತ್ತೆ, ಒದ್ದೆ ಚಮಚ ಹಾಕಬಾರದು.

"ಇದು ಮಲಗಿರೋ ಹಾಲು ಕಣೇ. ನೀರು ಹಾಕಿದ್ರೆ ಏಳತ್ತೆ. ಒದ್ದೆ ಚಮಚ ಹಾಕಿದ್ರೆ ಅರ್ಧ ಏಳತ್ತೆ. ಅರ್ಧ ಎದ್ದದ್ದು ಒಳ್ಳೇದಲ್ಲ. ಹಾಲಾದ್ರೂ ಅಷ್ಟೇ, ಮನುಷ್ಯರಾದ್ರೂ ಅಷ್ಟೇ."

ಅಮ್ಮ ತೀರಿಕೊಂಡ ಮೇಲೆ ಅಪ್ಪ ಊಟದ ತಟ್ಟೆಯನ್ನು ದೂರ ಸರಿಸತೊಡಗಿದ. ಒಂದು ತುತ್ತು, ಎರಡು ತುತ್ತು, ಸಾಕು. ಡಾಕ್ಟರು ಬೈದರು, ಅತ್ತಿಗೆಯನ್ನು ನಮ್ಮ ಜೊತೆ ಬಿಟ್ಟು ದೂರದ ಸೇತುವೆ ಕೆಲಸಕ್ಕೆ ಹೋಗಿದ್ದ ಅಣ್ಣ ಫೋನ್ ಮಾಡಿ ಬೈದ, ಅಪ್ಪ ತಟ್ಟೆ ಸರಿಸುವುದನ್ನು ಬಿಡಲಿಲ್ಲ. ಸಂಜೆ ಮಾತ್ರ ಒಂದು ದೊಡ್ಡ ಲೋಟ ಹಾಲು ಕೇಳುತ್ತಿದ್ದ. ಅದೂ ಬೇರೆ ಯಾವುದೂ ಅಲ್ಲ, ಅಮ್ಮ ಕೊನೆಗೆ ತನ್ನ ಕೈಯಾರೆ ತೆರೆದಿದ್ದ ಡಬ್ಬಿಯದು.

"ಇದು ಮುಗಿಯೋ ತನಕ," ಎಂದು ಒಮ್ಮೆ ಹೇಳಿದ. ಮುಗಿದ ಮೇಲೆ ಏನು ಅಂತ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅವನ ಮಣಿಕಟ್ಟು ನೋಡಿದರೆ ಉತ್ತರ ಕಾಣುತ್ತಿತ್ತು. ಗಡಿಯಾರ ಮೊಣಕೈವರೆಗೆ ಜಾರುವಷ್ಟು ಸಣ್ಣಗಾಗಿದ್ದ.

ಆದ್ದರಿಂದ ಆ ಡಬ್ಬಿ ಮುಗಿಯದಂತೆ ನೋಡಿಕೊಂಡೆ.

ನಾನು ಕೆಲಸ ಮಾಡುವುದು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ. ಅಲ್ಲಿ ಗಾಜಿನ ಮೇಲೆ ಸುರಿಯುವ ನೀರು ಹಾಲಿನಂತೆ ಬೆಳ್ಳಗಿರುತ್ತದೆ, ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಹಾಗಾಗಿ ನನ್ನ ಕೈ ಬೆಳ್ಳಗಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಅಪ್ಪ ವರಾಂಡದಲ್ಲಿ ಕೂತಿರುವಾಗ ಹಿಂದಿನ ಸಾಲಿನಿಂದ ಒಂದು ಡಬ್ಬಿ ತೆರೆದು, ಅದೇ ಕೊಬ್ಬು ತೆಗೆದ ಪುಡಿ, ಅಮ್ಮನ ಡಬ್ಬಿಗೆ ಸುರಿಯುತ್ತಿದ್ದೆ. ಹಳೆಯದರ ಮೇಲೆ ಹೊಸದು. ಸುರಿಯುವಾಗ ಪ್ರತಿ ಸಲವೂ ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದಂತಾಗುತ್ತಿತ್ತು. ಅಷ್ಟು ಇಕ್ಕಟ್ಟಿನಲ್ಲಿ ಬೆನ್ನ ಹಿಂದೆ ಯಾರಿಗೂ ನಿಲ್ಲಲು ಜಾಗವಿರಲಿಲ್ಲ.

ಕೆಲವು ವಾರಗಳಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ನಾನು ತುಂಬಿಸದ ದಿನಗಳಲ್ಲೂ ಡಬ್ಬಿ ಭಾರವಾಗಿಯೇ ಇತ್ತು.

ರಜೆಯ ಮಧ್ಯಾಹ್ನವೊಂದರಲ್ಲಿ ಉಗ್ರಾಣದ ಬಾಗಿಲು ತೆರೆದರೆ ಒಳಗೆ ಅತ್ತಿಗೆ. ಸೆರಗಿನ ಕೆಳಗೆ ಏನನ್ನೋ ಅಡಗಿಸಿದಳು. ನನ್ನ ಕೈಯಲ್ಲೂ ತೆರೆದ ಡಬ್ಬಿ.

"ಕಳ್ಳಿ!" ಎಂದಳು ಅತ್ತಿಗೆ.

"ನೀನೇ ಕಳ್ಳಿ. ತೆಗಿ ನೋಡೋಣ."

ಸೆರಗಿನಿಂದ ಒಂದು ಪೊಟ್ಟಣ ಹೊರಬಂತು. ಅತ್ತಿಗೆ ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂರುವವಳು. ಸಿಕ್ಕಿಬಿದ್ದಾಗಲೂ ಮಾತು ತಡವರಿಸುವುದಿಲ್ಲ. "ದಯವಿಟ್ಟು ಗಮನಿಸಿ. ಮಾವನ ಡಬ್ಬಿ ಖಾಲಿ ಆಗೋದು ಅನಿವಾರ್ಯ ಕಾರಣಗಳಿಂದ ತಡವಾಗಿದೆ."

ನಗು ತಡೆಯಲಾಗಲಿಲ್ಲ. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಆಮೇಲೆ ಪೊಟ್ಟಣದ ಮೇಲಿನ ಅಕ್ಷರ ಓದಿದೆ.

"ಅಯ್ಯೋ ಅತ್ತಿಗೆ, ಇದು ಕೆನೆದು."

"ಗೊತ್ತು. ಮಾವ ಸೊರಗಿ ಕಡ್ಡಿ ಆಗಿದಾರೆ. ಸ್ವಲ್ಪ ಕೊಬ್ಬು ಹೊಟ್ಟೆಗೆ ಹೋಗ್ಲಿ ಅಂತ."

"ಮುಗ್ಗತ್ತೆ ಇದು. ಈ ಸೆಕೆಗೆ ಪೂರ್ತಿ ಡಬ್ಬೀನೇ ಕೆಡಿಸತ್ತೆ."

"ಹಾಗಾದ್ರೆ ಇಬ್ರೂ ನಿಲ್ಲಿಸೋಣ. ಎಷ್ಟು ಇಳಿಯತ್ತೆ ನೋಡಿ ಆಮೇಲೆ ಯೋಚ್ನೆ ಮಾಡೋಣ." ಹೊರಡುತ್ತ ಅವಳು ತಿರುಗಿದಳು. "ಅಂದಹಾಗೆ ಗಾಜಿನಮ್ಮ, ಬೆಳಗ್ಗೆ ಡಬ್ಬಿ ತಟ್ಟೋದು ಚೆನ್ನಾಗಿ ಕಲ್ತಿದ್ದೀಯ. ಥೇಟ್ ಅತ್ತೆ."

"ನಾನಲ್ಲ. ಅಪ್ಪ."

"ಮಾವಾನಾ? ಆ ಹೊತ್ತಿಗೆ ಮಾವ ವರಾಂಡದಲ್ಲಿರ್ತಾರೆ. ಕೆಲಸಕ್ಕೆ ಹೊರಡೋವಾಗ ದಿನಾ ಅವರ ಮುಂದೇನೇ ಹೋಗ್ತೀನಿ."

ಇಬ್ಬರೂ ಸಾಲು ಡಬ್ಬಿಗಳ ಕಡೆ ನೋಡಿದೆವು. ಅತ್ತಿಗೆ ಪೊಟ್ಟಣವನ್ನು ಮತ್ತೆ ಸೆರಗಿನೊಳಗೆ ಸೇರಿಸಿಕೊಂಡಳು, ಯಾರೋ ನೋಡುತ್ತಿದ್ದಾರೆ ಎಂಬಂತೆ.

ನಾವು ನಿಲ್ಲಿಸಿದೆವು. ಡಬ್ಬಿ ಇಳಿಯಲಿಲ್ಲ. ಅಪ್ಪ ಪ್ರತಿ ಸಂಜೆ ಲೋಟ ತುಂಬ ಕುಡಿಯುತ್ತಿದ್ದ, ಮಾರನೆಯ ದಿನ ಡಬ್ಬಿ ಎತ್ತಿದರೆ ಕೈ ಜಗ್ಗುವಷ್ಟೇ ಭಾರ. ಅತ್ತಿಗೆ ನನ್ನ ಮುಖ ನೋಡುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ. ತಮಾಷೆ ಯಾವಾಗ ಮುಗಿಯಿತೋ ಇಬ್ಬರಿಗೂ ತಿಳಿಯಲಿಲ್ಲ. ಉಗ್ರಾಣಕ್ಕೆ ಒಂಟಿಯಾಗಿ ಹೋಗುವುದನ್ನು ಬಿಟ್ಟೆವು. ಬೆಳಗಿನ ಸದ್ದು ಬಂದಾಗ ನಾನು ಹೊದಿಕೆಯನ್ನು ಕಿವಿಯ ಮೇಲಕ್ಕೆ ಎಳೆದುಕೊಳ್ಳುತ್ತಿದ್ದೆ. ಅದರೊಳಗೂ ಕೇಳಿಸುತ್ತಿತ್ತು: ಮರಳಿನ ಸದ್ದು, ಮರಳಿನ ಸದ್ದು, ಸಾಲಿನ ಮುಂದೆ ಬಂದಾಗ ಒಂದು ಕಲ್ಲಿನ ಸದ್ದು. ಅಲ್ಲಿ ಮಾತ್ರ ಎರಡೆರಡು ಸಲ ತಟ್ಟುತ್ತಿತ್ತು.

ಒಂದು ಸಂಜೆ ಅಪ್ಪನ ಲೋಟ ಕೈಗೆ ಕೊಡುವಾಗ ವಾಸನೆ ಮೂಗಿಗೆ ಬಡಿಯಿತು. ಹಳೆಯ ಎಣ್ಣೆ, ಒದ್ದೆ ರಟ್ಟು, ಬಣ್ಣ ಬಳಿದ ಬಾಗಿಲು. ಇಷ್ಟು ದಿನ ಅತ್ತಿಗೆಯೇ ಕಲಸಿ ಕೊಡುತ್ತಿದ್ದಳು; ನೆಗಡಿಯಿಂದ ಮೂಗು ಕಟ್ಟಿದ್ದ ಅವಳಿಗೆ ವಾಸನೆ ತಿಳಿದಿರಲಿಲ್ಲ. ಅಪ್ಪ ಆಗಲೇ ಒಂದು ಗುಟುಕು ಕುಡಿದಿದ್ದ. ಮುಖ ಒಂದಿಷ್ಟೂ ಹಿಂಡಲಿಲ್ಲ.

"ಅಪ್ಪ, ಕುಡೀಬೇಡ. ಕೆಟ್ಟುಹೋಗಿದೆ."

"ಸುಮಾರು ದಿನದಿಂದ ಹೀಗೇ ಇದೆ."

"ಮತ್ತ್ಯಾಕೆ ಕುಡೀತಿದ್ದೆ?"

"ನೀವಿಬ್ರೂ ಅಷ್ಟು ಕಷ್ಟಪಟ್ಟು ತುಂಬಿಸ್ತಿದ್ರಿ. ಬೇಡ ಅಂದ್ರೆ ನೊಂದ್ಕೋತೀರಿ ಅಂತ."

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಗೊತ್ತಿತ್ತಾ ನಿಮಗೆ?"

"ಅವಳ ಜೊತೆ ಇಷ್ಟು ವರ್ಷ ಬಾಳಿದೀನಿ, ಮಗಳೇ. ಡಬ್ಬಿ ಎತ್ತಿದ್ರೆ ಗೊತ್ತಾಗಲ್ವಾ?" ಅಪ್ಪ ಲೋಟ ಕೆಳಗಿಟ್ಟ. "ಆಮೇಲೆ ನೀವು ನಿಲ್ಲಿಸಿಬಿಟ್ರಿ. ಇಳಿಯೋಕೆ ಶುರುವಾಯ್ತು. ನನಗೆ ಭಯ ಆಯ್ತು. ಅದಕ್ಕೆ ನಾನೇ ತುಂಬಿಸ್ದೆ."

ಹಾಗಾದರೆ ಇಷ್ಟೇ. ಮೂವರೂ ಒಬ್ಬರನ್ನೊಬ್ಬರು ಕಣ್ಣು ತಪ್ಪಿಸಿ ಒಂದೇ ಡಬ್ಬಿ ತುಂಬಿಸಿದ್ದು. ಎದೆಯ ಮೇಲಿನ ಭಾರ ಇಳಿದಂತಾಗಿ ನಕ್ಕುಬಿಟ್ಟೆ. "ಹೆದರಿಸಿಬಿಟ್ಟೆಯಲ್ಲಪ್ಪ. ಬೆಳಗ್ಗೆ ತಟ್ಟೋದೂ ನೀನೇ ತಾನೇ?"

ಅಪ್ಪ ನನ್ನನ್ನು ನೋಡಿದ. "ಅದು ನೀನಲ್ವಾ?"

ಅಪ್ಪ ಎದ್ದು ಹೋಗಿ ಡಬ್ಬಿ ತಂದ.

ಅಡುಗೆಮನೆಯ ನೆಲದ ಮೇಲೆ ಹಳೆಯ ಪತ್ರಿಕೆ ಹರಡಿ ಡಬ್ಬಿಯನ್ನು ಬೋರಲು ಹಾಕಿದೆವು. ಮೇಲಿನದು ಅಪ್ಪ ತುಂಬಿಸಿದ ಬಿಳಿ ಪುಡಿ. ಅದರ ಕೆಳಗೆ ಹಳದಿಗೆ ತಿರುಗಿದ ಅತ್ತಿಗೆಯ ಕೆನೆ, ಗಬ್ಬು ವಾಸನೆಯೊಂದಿಗೆ. ಆಮೇಲೆ ನನ್ನದು, ಅತ್ತಿಗೆಯದರ ಜೊತೆ ಬೆರೆತು. ಆಮೇಲೆ ಏನೂ ಬೀಳಲಿಲ್ಲ. ಆದರೂ ಡಬ್ಬಿ ಪೂರ್ತಿ ಹಗುರಾಗಿರಲಿಲ್ಲ. ಅಪ್ಪ ಅದನ್ನು ದೀಪದ ಕಡೆ ತಿರುಗಿಸಿ ಒಳಗೆ ನೋಡಿದ. ತುಂಬ ಹೊತ್ತು ನೋಡಿದ. ನನಗೆ ಕೊಟ್ಟ.

ತಳದಲ್ಲಿ ಪುಡಿ ಗಚ್ಚಿನಂತೆ ಕಟ್ಟಿಕೊಂಡಿತ್ತು. ಒಂದು ಬದಿ ಎತ್ತರ, ಒಂದು ಬದಿ ಇಳಿಜಾರು. ಅಮ್ಮನ ಬಲ ಮಣಿಕಟ್ಟು ಪೂರ್ತಿ ಬಾಗುತ್ತಿರಲಿಲ್ಲ, ಅದಕ್ಕೆ ಯಾವಾಗಲೂ ಒಂದೇ ಬದಿಯಿಂದ ತೋಡುತ್ತಿದ್ದಳು. ಇಳಿಜಾರಿನ ನಡುವೆ ಚಮಚದ ಗುಳಿ, ಅದರ ಸುತ್ತ ನೀರು ಹನಿದು ಒಣಗಿದ ಉಂಗುರ. ಕೊನೆಯ ದಿನಗಳಲ್ಲಿ ಕೈ ನಡುಗುತ್ತಿತ್ತಲ್ಲ. ಅಮ್ಮನೇ ಒದ್ದೆ ಚಮಚ ಹಾಕಿದ್ದಳು.

ನಾವು ಮೇಲಿನಿಂದ ಹಾಕಿ ಮೇಲಿನಿಂದಲೇ ತೆಗೆದಿದ್ದೆವು. ಇಷ್ಟು ದಿನ ಅಪ್ಪ ಕುಡಿದದ್ದು ನಮ್ಮ ಹಾಲು. ಅವಳದು ಕೆಳಗೆ ಹಾಗೇ ಇತ್ತು.

"ಅರ್ಧ ಎದ್ದು ಕೂತಿದೆ," ಎಂದ ಅಪ್ಪ.

"ಬಿಸಾಕೋಣ ಮಾವ," ಎಂದಳು ಅತ್ತಿಗೆ, ಆದರೆ ಕೈ ಮುಂದೆ ಬರಲಿಲ್ಲ.

"ಬೇಡ. ಪೂರ್ತಿ ಎಬ್ಬಿಸಿ ಕಳಿಸೋಣ."

ಸ್ಕ್ರೂಡ್ರೈವರ್ ತಂದು, ಲಿಫ್ಟಿನ ಬಾಗಿಲಿಗೆ ಸಿಕ್ಕ ಕಲ್ಲು ತೆಗೆಯುವ ನಾಜೂಕಿನಲ್ಲಿ ಅದನ್ನು ಒಡೆದ. ನಾನು ಚೂರುಗಳನ್ನು ಕುಟ್ಟಿ ಜರಡಿ ಹಿಡಿದೆ. ಅತ್ತಿಗೆ ನೀರು ಉಗುರುಬೆಚ್ಚಗೆ ಮಾಡಿದಳು. ಮೊದಲು ಒಂದಿಷ್ಟೇ ನೀರು, ಗಂಟು ಕರಗುವ ತನಕ ತಿಕ್ಕುವುದು, ಆಮೇಲೆ ಉಳಿದದ್ದು. ಹೇಳಿಕೊಡುವವಳು ಇಲ್ಲದಿದ್ದರೂ ಕೈಗಳಿಗೆ ಗೊತ್ತಿತ್ತು. ಮೂರು ಲೋಟಗಳಿಗೆ ಹಂಚಿದೆವು. ತಳಕ್ಕೆ ಮೇಲಿನ ವಾಸನೆ ಸ್ವಲ್ಪ ಇಳಿದಿತ್ತು, ಅಷ್ಟೇ. ನಿಂತುಕೊಂಡೇ ಕುಡಿದೆವು. ಅಪ್ಪ ಕೊನೆಯ ಗುಟುಕನ್ನು ಬಾಯಲ್ಲಿ ಹಿಡಿದು ನುಂಗದೆ ನಿಂತ. ನಾನು ಅವನ ಗಂಟಲನ್ನೇ ನೋಡುತ್ತಿದ್ದೆ. ಕೊನೆಗೆ ನುಂಗಿದ. ಖಾಲಿ ಡಬ್ಬಿಯನ್ನು ಅತ್ತಿಗೆ ತೊಳೆದು ಕಿಟಕಿಯಲ್ಲಿ ಬೋರಲಿಟ್ಟಳು.

ಮುಗಿಯಿತು. ನಾಳೆ ಏನು ಕೇಳುತ್ತಾನೆ, ಏನನ್ನಾದರೂ ಕೇಳುತ್ತಾನೆಯೇ, ತಿಳಿಯದೆ ಮಲಗಿದೆ.

ಬೆಳಗ್ಗೆ ಸದ್ದು ಬಂತು. ಟಕ್, ಮರಳು. ಟಕ್, ಮರಳು. ಸಾಲಿನ ಮುಂದೆ ಬಂದು ನಿಂತಿತು. ಮುಂದಿನ ಟಕ್ ಬರಲಿಲ್ಲ. ನಾನು ಕಾದೆ. ಅದೂ ಕಾಯುತ್ತಿತ್ತು. ಹೊದಿಕೆ ಸರಿಸಿ ಎದ್ದು ಬಂದರೆ ಅಪ್ಪ ವರಾಂಡದ ಕುರ್ಚಿಯಲ್ಲಿ ಕೂತು ಕಿವಿ ಗೋಡೆಯ ಕಡೆ ತಿರುಗಿಸಿದ್ದ.

"ಕೇಳಿಸ್ತಾ?"

"ಹೂಂ."

"ಜಾಗ ಖಾಲಿ ಬಿಟ್ಟಿದ್ದೀವಲ್ಲೇ. ಹೀಗಾದ್ರೆ ಅವಳು ಅಲ್ಲೇ ನಿಂತ್ಬಿಡ್ತಾಳೆ." ಗಡಿಯಾರವನ್ನು ಮಣಿಕಟ್ಟಿಗೆ ಏರಿಸಿಕೊಂಡ. "ಹೋಗು, ಹಿಂದಿನದನ್ನ ಮುಂದೆ ತಳ್ಳು. ಒಂದು ಆರಿಸಿ ತೆರಿ. ಚಹಾಕ್ಕೆ ಬೇಕು. ಹಸಿವಾಗಿದೆ ನನಗೆ."

ಉಗ್ರಾಣದ ಬಾಗಿಲು ತೆರೆದೆ. ಒಳಗೆ ಯಾರೂ ಇರಲಿಲ್ಲ. ಸಾಲಿನ ಮುಂದೆ ಒಂದು ದುಂಡನೆಯ ಜಾಗ, ಧೂಳಿಲ್ಲದ್ದು. ಹಿಂದಿನಿಂದ ಒಂದು ಡಬ್ಬಿ ಎಳೆದು, ತಲೆಕೆಳಗು ಮಾಡಿ, ಬೆಸುಗೆಯ ಮೇಲೆ ಹೆಬ್ಬೆರಳು ಎಳೆದೆ. ತಗ್ಗಿಲ್ಲ. ಗೆಣ್ಣಿನಿಂದ ತಟ್ಟಿದೆ. ಮರಳಿನಂತೆ ಸಡಿಲವಾಗಿ ಉತ್ತರಿಸಿತು.

ಪಕ್ಕದ ಡಬ್ಬಿಯನ್ನು ನಾನು ತಟ್ಟಲಿಲ್ಲ. ಅದೂ ಉತ್ತರಿಸಿತು.

"ಒಣ ಚಮಚ ತಗೊಳ್ಳೇ," ಎಂದು ಅಡುಗೆಮನೆಯಿಂದ ಅಪ್ಪ ಕೂಗಿದ.