ಗಂಗುಲಮ್ಮ ಕುಯ್ದ ಗೂಡು

ಗಂಗುಲಮ್ಮ ಒಂದು ಸೂಜಿಗೆ ಹೆದರಿ ಮನೆ ಸೇರಿದ್ದಾಳೆ ಎಂದರೆ ಸಾದಲಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಹಾವು ಕಂಡರೆ ಗಂಡನನ್ನು ಹಿಂದಕ್ಕೆ ತಳ್ಳಿ ತಾನೇ ಕೋಲು ಹಿಡಿಯುವ ಹೆಂಗಸು ಅವಳು. ಆದರೆ ಎಡ ಎದೆಯಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿ, ಚಿಕ್ಕಬಳ್ಳಾಪುರದ ಡಾಕ್ಟರಮ್ಮ “ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ” ಎಂದದ್ದೇ ತಡ, ಸೆರಗು ಬಿಗಿದುಕೊಂಡು ಎದ್ದು ಬಂದುಬಿಟ್ಟಿದ್ದಳು. ಅದಾಗಿ ಮೂರು ವಾರ ಕಳೆದಿತ್ತು.

ಮಗಳು ಸಂಘಮಿತ್ರಳ ಪಾಡು ಇನ್ನೂ ಕಷ್ಟದ್ದು. ಮುದ್ದೇನಹಳ್ಳಿ ಕಡೆಯ ಒಂದು ಪ್ರಯೋಗಾಲಯದಲ್ಲಿ ಅವಳು ನಾಲ್ಕು ವರ್ಷದಿಂದ ಇಂಥ ಗಂಟುಗಳ ಬೆನ್ನು ಹತ್ತಿದ್ದಳು. ಗಡ್ಡೆಯ ಜೀವಕೋಶ ಒಂದು ದಿನ ಇದ್ದಕ್ಕಿದ್ದಂತೆ ಒಂದು ಕಿಣ್ವವನ್ನು ತಯಾರಿಸತೊಡಗುತ್ತದೆ. ಆ ಕಿಣ್ವ ಸುತ್ತಲಿನ ಗೋಡೆಯನ್ನು ಕರಗಿಸುತ್ತದೆ, ಕೋಶಗಳು ಹೊರಗೆ ಹರಡುತ್ತವೆ. ಅಲ್ಲಿಯವರೆಗೆ ಮಲಗಿದ್ದ ಆ ಕಿಣ್ವದ ಜೀನನ್ನು ಎಬ್ಬಿಸುವ ಸಂಕೇತ ಯಾವುದು, ಅದನ್ನು ನಡುದಾರಿಯಲ್ಲೇ ತಡೆಯಬಹುದೇ ಎನ್ನುವುದು ಅವಳ ಪ್ರಶ್ನೆ. ಸೆಮಿನಾರುಗಳಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ. ಅಮ್ಮನ ಮುಂದೆ ಮಾತ್ರ ಬಾಯಿ ಒಣಗುತ್ತಿತ್ತು, ಯಾಕೆಂದರೆ ಅವಳಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು, ಹಾಗಾಗಿ ಎಲ್ಲರಿಗಿಂತ ಹೆಚ್ಚು ಭಯವೂ ಇತ್ತು.

ಶನಿವಾರ ಅವಳು ಊರಿಗೆ ಬಂದಾಗ ರೇಷ್ಮೆ ಹುಳುವಿನ ಮನೆಯಲ್ಲಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ತುಂಬ ಗೂಡುಗಳು ಬೆಳ್ಳಗೆ ಕೂತಿದ್ದವು. ಮೂರು ವಾರದಲ್ಲಿ ನಾಲ್ಕನೇ ಸಲ ಜಗಳ ಶುರುವಾಯಿತು.

“ತೂತು ಬಿದ್ದ ಗೂಡು ಯಾತಕ್ಕೂ ಬರಲ್ಲ ಕಣಮ್ಮ. ನಲವತ್ತು ವರ್ಷದಿಂದ ನೋಡ್ತಿದೀನಿ,” ಎಂದಳು ಗಂಗುಲಮ್ಮ. “ಒಳಗಿರೋದು ತೆಪ್ಪಗೈತೆ. ನೀವು ಸೂಜೀಲಿ ತೂತು ಮಾಡಿ ಅದಕ್ಕೆ ದಾರಿ ತೋರಿಸ್ತೀರಾ?”

“ಸೂಜಿಯಿಂದ ಹರಡಲ್ಲಮ್ಮ. ಡಾಕ್ಟರೂ ಹೇಳಿದ್ರಲ್ಲ.”

“ಅವರು ಗೂಡು ಬೆಳೆದಿದಾರಾ?”

ಅಪ್ಪ ಬಯ್ಯಪ್ಪ ಬಾಗಿಲ ಬಳಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಹೆಂಡತಿಗೆ ಎದುರು ಮಾತಾಡಿ ಅವನಿಗೆ ಅಭ್ಯಾಸವಿಲ್ಲ. ಮಗಳ ಕಡೆ ನೋಡಿದ ನೋಟದಲ್ಲಿ ಮಾತ್ರ, ಹೇಗಾದರೂ ಮಾಡಿ ಒಪ್ಪಿಸು ತಾಯಿ ಎನ್ನುವ ಬೇಡಿಕೆ ಇತ್ತು.

ಸಂಘಮಿತ್ರ ಜೀನು, ಕಿಣ್ವ, ಸಂಕೇತ ಅಂತ ಏನೇನೋ ಹೇಳಿದಳು. ಅಮ್ಮ ಆಕಳಿಸಿದಳು. ಕೊನೆಗೆ ಮಗಳಿಗೆ ಅಳುವೇ ಬಂತು. ಅಳುವ ಮಗಳನ್ನು ನೋಡಲಾಗದೆ ಗಂಗುಲಮ್ಮ ಮಾತು ತಿರುಗಿಸಿದಳು: “ಹೋಗ್ಲಿ ಬಿಡು. ಬಾ ಇಲ್ಲಿ, ಹುಳು ಗೂಡು ಕಟ್ಟಿ ಇವತ್ತು ಐದನೇ ದಿನ. ಗೂಡು ಕುಯ್ದು ನೋಡಣ.”

ಆ ಮನೆಯ ಪದ್ಧತಿ ಅದು. ಚಂದ್ರಿಕೆಯಿಂದ ಗೂಡು ಬಿಡಿಸುವ ಮುಂಚೆ ಒಂದನ್ನು ಬ್ಲೇಡಿನಲ್ಲಿ ಕುಯ್ದು, ಒಳಗಿನ ಹುಳು ಮಾಗಿದೆಯೇ ಇಲ್ಲವೇ ನೋಡುತ್ತಾರೆ. ಹಸಿಯಿದ್ದರೆ ಇನ್ನೊಂದು ದಿನ ಕಾಯಬೇಕು. ಸಂಘಮಿತ್ರ ಮೂರು ವರ್ಷದವಳಿದ್ದಾಗಿನಿಂದ ಪ್ರತಿ ಬೆಳೆಯಲ್ಲೂ ಕುಯ್ದ ಗೂಡು ಮೊದಲು ಅವಳ ಅಂಗೈಗೇ ಬರಬೇಕು. ಅವಳು ವಿಜ್ಞಾನಿಯಾದದ್ದೇ ಅಲ್ಲಿಂದ ಎಂದು ಬಯ್ಯಪ್ಪ ನೆಂಟರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಗಂಗುಲಮ್ಮ ಗೂಡಿನ ತುದಿ ಕುಯ್ದು ಮಗಳ ಕೈಗೆ ಬಗ್ಗಿಸಿದಳು. ಕಂದು ಬಣ್ಣದ ಹುಳು ಅಂಗೈ ಮೇಲೆ ಮೆಲ್ಲಗೆ ಹೊರಳಿತು. ಸಂಘಮಿತ್ರ ಅದನ್ನೇ ನೋಡುತ್ತ ನಿಂತಳು. ಛೇ, ಅಮ್ಮನಿಗೆ ಹೇಳುವ ಮಾತನ್ನು ಇಷ್ಟು ದಿನ ಎಲ್ಲಿ ಹುಡುಕುತ್ತಿದ್ದೆ ನಾನು ಅನ್ನಿಸಿತು.

“ಅಮ್ಮ, ಇಷ್ಟಗಲ ಬಾಯಿ ಕುಯ್ದಿದೀಯಲ್ಲ. ಇದ್ಯಾಕೆ ಹಾರಿಹೋಗಲಿಲ್ಲ?”

“ರೆಕ್ಕೆ ಎಲ್ಲಿದ್ಯೇ ಅದಕ್ಕೆ?”

“ಕುಯ್ಯದೆ ಹಂಗೇ ಬಿಟ್ಟಿದ್ರೆ?”

“ಇನ್ನೊಂದು ಎಂಟ್ಹತ್ತು ದಿನಕ್ಕೆ ಚಿಟ್ಟೆಯಾಗಿ, ಬಾಯಿಂದ ನೀರು ಬಿಟ್ಟು, ಗೂಡು ನೆನೆಸಿ ತಾನೇ ತೂತು ಮಾಡ್ಕೊಂಡು ಬರ್ತಿತ್ತು.”

“ಆ ನೀರು ಈಗ ಇದರ ಬಾಯಲ್ಲಿ ಇದ್ಯಾ?”

“ಈಗೆಲ್ಲಿಂದ? ಟೈಮ್ ಬಂದಾಗ ಊರುತ್ತೆ. ಅದಕ್ಕೆ ಒಳಗಿಂದ ಹೇಳಿಕೆ ಆಗ್ಬೇಕು.”

“ನಾನು ನಾಲ್ಕು ವರ್ಷದಿಂದ ಓದ್ತಿರೋದು ಆ ಹೇಳಿಕೇನೇ ಅಮ್ಮ. ನಿನ್ನ ಗಂಟಿಗೆ ಅದು ಬಂದಿದ್ಯೋ ಇಲ್ವೋ ನಂಗೊತ್ತಿಲ್ಲ. ಬಂದ್ರೆ ಅದೂ ಹಿಂಗೇ ನೀರು ಊರಿಸ್ಕೊಂಡು ಗೋಡೆ ಕರಗಿಸುತ್ತೆ. ಅದಕ್ಕೆ ಯಾರ ಸೂಜೀನೂ ಬೇಡ.”

ಗಂಗುಲಮ್ಮ ಬ್ಲೇಡು ಕೆಳಗಿಟ್ಟಳು. ಚಂದ್ರಿಕೆಯ ಕಡೆ ನೋಡಿದಳು, ಕುಯ್ದ ಗೂಡಿನ ಕಡೆ ನೋಡಿದಳು. ತೂತುಗೂಡು ಆಗುವುದು ಬ್ಲೇಡು ತಾಗಿದ್ದಕ್ಕಲ್ಲ, ಬಿಡಿಸದೆ ತಡ ಮಾಡಿದ್ದಕ್ಕೆ. ಇದು ಅವಳಿಗೆ ನಲವತ್ತು ವರ್ಷದಿಂದ ಗೊತ್ತಿದ್ದ ಮಾತೇ. ತನ್ನ ಎದೆಯ ವಿಷಯಕ್ಕೆ ಬಂದಾಗ ಮಾತ್ರ ಮರೆತಿದ್ದಳು.

“ಮೂರು ವಾರ ಸುಮ್ನೆ ಕೂತ್ಬಿಟ್ನಲ್ಲ ಕಣಮ್ಮ,” ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ಮಗಳು ಮೊದಲ ಸಲ ಕೇಳಿದ್ದು. ಸಂಘಮಿತ್ರ ಹುಳು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಕೈಯಿಂದ ಅಮ್ಮನನ್ನು ಅಪ್ಪಿಕೊಂಡಳು. ಬಾಗಿಲ ಬಳಿ ಬಯ್ಯಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಸೋಮವಾರ ಸೂಜಿ ಹಾಕಿಸಿಕೊಳ್ಳುವಾಗ ಗಂಗುಲಮ್ಮ ಹಲ್ಲು ಕಚ್ಚಲೂ ಇಲ್ಲ. ಕಣ್ಣು ಮುಚ್ಚಿಕೊಂಡದ್ದು ಮಗಳು.

ಮುಂದಿನ ವಾರ ವರದಿ ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸಂಘಮಿತ್ರ ಮೂರು ಸಲ ಓದಿದಳು. ಗಂಟು ಕ್ಯಾನ್ಸರಿನದೇ. ಆದರೆ ತೆಗೆದ ಚೂರಿನಲ್ಲಿ ಕೋಶಗಳು ಗೋಡೆಯೊಳಗೇ ಇದ್ದವು, ದಾಟಿದ ಗುರುತು ಎಲ್ಲೂ ಇರಲಿಲ್ಲ. ಅಕ್ಷರಗಳು ಮಂಜಾದವು.

“ಏನಂತೆ? ರೆಕ್ಕೆ ಬಂದಿದ್ಯಾ?” ಗಂಗುಲಮ್ಮ ಕೇಳಿದಳು.

“ಇಲ್ಲಮ್ಮ. ಇನ್ನೂ ಬಂದಿಲ್ಲ. ಆದ್ರೆ ಆಪರೇಷನ್ ಆಗ್ಲೇಬೇಕು.”

ಗಂಗುಲಮ್ಮ ಸೆರಗಿನ ತುದಿಯಿಂದ ಮಗಳ ಕಣ್ಣು ಒರೆಸಿದಳು. ಆಮೇಲೆ ಬೆನ್ನಿಗೊಂದು ಮೆತ್ತಗೆ ಕೊಟ್ಟು ಎಬ್ಬಿಸಿದಳು.

“ಅತ್ಕೊಂಡು ಕೂತ್ರೆ ಆಯ್ತಾ? ಹೋಗು, ಬಿಡಿಸೋದು ಯಾವತ್ತು ಅಂತ ಕೇಳ್ಕೊಂಡು ಬಾ. ತಡ ಮಾಡ್ಬಾರ್ದು.”