ಹನ್ನೊಂದು ಸಲ ಕಳಿಸಿದ ಬರಹ

ಬಿಟ್ಟಿ ಕೊಟ್ಟದ್ದಕ್ಕೆ ಜನರಿಂದ ಸಿಗುವುದು ಬೈಗುಳ, ಮತ್ತೇನೂ ಅಲ್ಲ. ಒಂಬತ್ತು ವರ್ಷದಿಂದ ಒಂದು ತಂತ್ರಾಂಶ ಬರೆಯುತ್ತಿದ್ದೇನೆ. ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು, ಒಳಗಿನ ಒಂದೊಂದು ಸಾಲನ್ನೂ ಓದಬಹುದು, ತಿದ್ದಬಹುದು. ಜನ ಸೇರಿ ಕಷ್ಟಸುಖ ಹೇಳಿಕೊಳ್ಳುವ ನೂರಾರು ಜಾಲತಾಣಗಳು ಅದರ ಮೇಲೆ ನಿಂತಿವೆ. ಸರಿಯಾಗಿ ನಡೆಯುವಾಗ ಒಂದು ನರಪಿಳ್ಳೆಯೂ ಇತ್ತ ತಲೆ ಹಾಕುವುದಿಲ್ಲ. ಕೆಟ್ಟರೆ ಸಾಕು, ನಾನು ಅವರ ಮನೆಯ ಆಳು.

ಅವರಲ್ಲೆಲ್ಲ ಗಟ್ಟಿಗಿತ್ತಿ ಎಂದರೆ ಒಬ್ಬ ನಿವೃತ್ತ ನರ್ಸು. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗಾಗಿ ಒಂದು ತಾಣ ನಡೆಸುತ್ತಾಳೆ. ನರ್ಸಮ್ಮ ಎಂದು ನಾನೇ ಹೆಸರಿಟ್ಟಿದ್ದೆ. ಸೋಮವಾರ ನಮ್ಮ ದೂರಿನ ಪುಟದಲ್ಲಿ, ಲೋಕಕ್ಕೆಲ್ಲ ಕಾಣುವ ಪುಟ ಅದು, ಬಂದು ಬರೆದಳು: “ನಿಮ್ಮ ಹೊಸ ಆವೃತ್ತಿ ಹಾಕಿದ ಮೇಲೆ ಕೆಲವರ ಬರಹ ಸೇವ್ ಆಗ್ತಾ ಇಲ್ಲ. ಜನ ಒದ್ದಾಡ್ತಿದ್ದಾರೆ. ಬೇಗ ನೋಡಿ.”

“ಲಾಗ್ ಹಾಕಿ” ಎಂದೆ. ಯಂತ್ರ ತಾನು ಎಲ್ಲಿ ಎಡವಿತು ಎಂದು ತಾನೇ ಬರೆದಿಡುವ ದಾಖಲೆಗೆ ನಾವು ಲಾಗ್ ಎನ್ನುತ್ತೇವೆ. ಅದಿಲ್ಲದ ದೂರನ್ನು ನಾನು ಮೂಸಿಯೂ ನೋಡುವುದಿಲ್ಲ.

“ಅದರಲ್ಲಿ ಜನರ ಖಾಸಗಿ ವಿಷಯ ಇರಲ್ವಾ?”

“ಇರಲ್ಲ. ಬರೆದೋಳು ನಾನು, ನನಗೆ ಗೊತ್ತಿಲ್ವಾ? ಲಾಗ್ ಇಲ್ಲಾಂದ್ರೆ ದೂರು ಮುಚ್ತೀನಿ.”

ಮುಚ್ಚಿಯೂ ಬಿಟ್ಟೆ. ಅವಳು ಮತ್ತೆ ತೆರೆದಳು. ನಾನು ಮತ್ತೆ ಮುಚ್ಚಿದೆ. ಮೂರು ದಿನ ಇದೇ ಜಗ್ಗಾಟ. ಅವಳಿಗೂ ಹಟ, ನನಗೆ ಅವಳಪ್ಪನಂಥ ಹಟ.

ಗುರುವಾರ ಬೆಳಿಗ್ಗೆ ಅವಳು ಇಡೀ ಲಾಗನ್ನು ತಂದು ಪುಟದ ಮೇಲೆ ಸುರಿದಳು. “ತಗೋ ತಾಯಿ. ಹೊಟ್ಟೆ ತಣ್ಣಗಾಯ್ತಾ?”

ನಾನು ನೋಡುವ ಮೊದಲೇ ಗಡ್ಡಪ್ಪ ಕಾಯಿಲೆ ಪತ್ತೆ ಮಾಡಿದ್ದ. ಗಡ್ಡಪ್ಪ ಎಂಬುದು ನಮ್ಮ ಸ್ವಯಂಸೇವಕನೊಬ್ಬ ಜಾಲದಲ್ಲಿ ಇಟ್ಟುಕೊಂಡ ಹೆಸರು. ಅವನ ಮುಖ ನಾನು ಕಂಡಿಲ್ಲ. ನಾಲ್ಕು ಸಾವಿರ ಅಕ್ಷರ ದಾಟಿದ ಬರಹ ಒಳಗೆ ಹೋಗುತ್ತಿರಲಿಲ್ಲ, ಅಷ್ಟೇ. ಒಂದು ಸಾಲು ತಿದ್ದಿದ. ನಮ್ಮಲ್ಲೊಂದು ಪದ್ಧತಿ ಇದೆ: ತಿದ್ದಿದವರು ಜೊತೆಗೆ ಒಂದು ಪರೀಕ್ಷೆಯನ್ನೂ ಕೊಡಬೇಕು. ಯಾವ ಬರಹ ಸಿಕ್ಕಿಹಾಕಿಕೊಂಡಿತ್ತೋ ಅಂಥದ್ದನ್ನು ಮಾದರಿಯಾಗಿ ತಂತ್ರಾಂಶದೊಳಗೇ ಇಡುತ್ತೇವೆ. ಮುಂದೆ ಯಾರು ಏನು ಬದಲಿಸಿದರೂ ಯಂತ್ರ ಅದನ್ನು ಮೊದಲು ಕಳಿಸಿ ನೋಡುತ್ತದೆ. ಗಡ್ಡಪ್ಪ ಲಾಗಿನಿಂದ ಒಂದು ಬರಹವನ್ನು ಇದ್ದಹಾಗೇ ಎತ್ತಿ ಒಳಗಿಟ್ಟು ‘ಉದ್ದ ಬರಹ ೧’ ಎಂದು ಹೆಸರು ಕೊಟ್ಟಿದ್ದ. ಪರೀಕ್ಷೆ ಪಾಸಾಗಿ ಹಸಿರು ಗುರುತು ಬಂತು. ಹಸಿರು ಕಂಡರೆ ನಾನು ಓದುವುದಿಲ್ಲ. ಒಪ್ಪಿಗೆ ಒತ್ತಿದೆ, ಹೊಸ ಆವೃತ್ತಿ ಬಿಡುಗಡೆ ಮಾಡಿದೆ, “ಆಯ್ತಲ್ಲ? ಇನ್ನು ತಲೆ ತಿನ್ನಬೇಡಿ” ಎಂದು ಬರೆದೆ.

ಸ್ವಲ್ಪ ಹೊತ್ತಿಗೆ ನರ್ಸಮ್ಮನ ಉತ್ತರ ಬಂತು. “ಊರೂರಿಗೆ ಏನು ಹಂಚಿದ್ದೀಯ ಅಂತ ಒಂದು ಸಲ ಓದು.”

ಅವಳಿಗೆ ಬೈಯಲೆಂದೇ ತೆರೆದೆ.

“ಐದು ವರ್ಷ ಆಯ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ತೀನಿ. ಎಡಗಾಲಿನ ಹಿಮ್ಮಡಿ ಹುಣ್ಣು ಆರ್ತಾನೇ ಇಲ್ಲ” ಎಂದು ಶುರುವಾಗಿ ಪುಟಗಟ್ಟಲೆ ಹೋಗಿತ್ತು. ಕೊನೆಯಲ್ಲಿ ಹೀಗಿತ್ತು: “ಇವತ್ತು ಊಟ ಮಾಡಿಸುವಾಗ ಅಪ್ಪ ಚಮಚ ಕಚ್ಚಿ ಹಿಡಿದುಬಿಟ್ರು. ನಾನು ಕೈ ಎತ್ತಿಬಿಟ್ಟೆ. ಹೊಡೀಲಿಲ್ಲ. ನಾಳೆ ಹೊಡೆದುಬಿಡ್ತೀನೇನೋ ಅಂತ ಭಯ ಆಗ್ತಿದೆ. ಪಕ್ಕದ ಕೋಣೇಲೇ ಅಕ್ಕ ಇದ್ದಾಳೆ, ಲೋಕಸೇವೆ ಮಾಡ್ತಾ. ಬಾಗಿಲು ತಟ್ಟಿದ್ರೆ ಐದು ನಿಮಿಷ ಅಂತಾಳೆ. ಯಾರಾದ್ರೂ ಒಂದು ಮಾತು ಹೇಳಿ. ನಾನೇನು ಮಾಡ್ಲಿ?”

ಮೇಲೆ ಕಳಿಸಿದವರ ಇಮೇಲ್ ವಿಳಾಸವಿತ್ತು. ಆ ವಿಳಾಸ ಮಾಡಿಕೊಟ್ಟವಳು ನಾನೇ. ನನ್ನ ತಂಗಿಯದು.

ಲಾಗಿಗೆ ಹಿಂದಿರುಗಿ ನೋಡಿದೆ. ಭಾನುವಾರ ಮಧ್ಯಾಹ್ನದಿಂದ ಸಂಜೆಯೊಳಗೆ ಹನ್ನೊಂದು ಸಲ ಕಳಿಸಿದ್ದಳು. ಹನ್ನೊಂದು ಸಲವೂ ‘ಮತ್ತೆ ಪ್ರಯತ್ನಿಸಿ’ ಎಂದೇ ಉತ್ತರ. ಬರಹವನ್ನೆಲ್ಲ ಲಾಗಿಗೆ ಸುರಿಯುವ ಸಾಲೊಂದನ್ನು ಆವೃತ್ತಿ ಬರೆಯುವಾಗ ನನ್ನ ಅನುಕೂಲಕ್ಕೆಂದು ಸೇರಿಸಿದ್ದೆ. ತೆಗೆಯುವುದು ಮರೆತೇಹೋಗಿತ್ತು. ಗಡಿಬಿಡಿಯಲ್ಲಿ ಎಲ್ಲ ಅಳಿಸಿದೆ. ಅಷ್ಟರಲ್ಲಿ ಇನ್ನೂರ ಹದಿನಾಲ್ಕು ತಾಣಗಳು ಹೊಸ ಆವೃತ್ತಿಯನ್ನು ಇಳಿಸಿಕೊಂಡಾಗಿತ್ತು. ದೂರಿನ ಪುಟದಲ್ಲಿ ಇಬ್ಬರು ‘ಉದ್ದ ಬರಹ ೧’ರ ಅಕ್ಷರ ಎಣಿಸುವಾಗ ಖಾಲಿ ಜಾಗವನ್ನೂ ಸೇರಿಸಬೇಕೋ ಬೇಡವೋ ಎಂದು ಕಿತ್ತಾಡುತ್ತಿದ್ದರು.

ನಾಚಿಕೆಯಾಗಬೇಕಿತ್ತು. ಬಂದದ್ದು ಸಿಟ್ಟು. ಮನೆಯ ಮಾತನ್ನು ಕಂಡವರ ಮುಂದೆ ಹೇಳಿಕೊಂಡಿದ್ದಾಳಲ್ಲ! ಬಾಗಿಲು ದೂಡಿಕೊಂಡು ಅಪ್ಪನ ಕೋಣೆಗೆ ನುಗ್ಗಿದೆ. ತಂಗಿ ತನ್ನ ಬಟ್ಟೆಗಳನ್ನು ಬ್ಯಾಗಿಗೆ ತುರುಕುತ್ತಿದ್ದಳು.

“ಏನೇ ಇದು? ನನ್ನ ಮರ್ಯಾದೆ ಹರಾಜು ಹಾಕೋಕೆ ಬೇರೆ ಜಾಗ ಸಿಗಲಿಲ್ವಾ?”

“ಗುಟ್ಟಾಗಿ ಬರೆದಿದ್ದೆ ಕಣೇ. ಡಂಗುರ ಹೊಡೆದೋಳು ನೀನು” ಎಂದಳು. ತಿರುಗಿಯೂ ನೋಡಲಿಲ್ಲ. “ಆ ನರ್ಸು ಫೋನ್ ಮಾಡಿ ಅತ್ತರು, ತಪ್ಪಾಯ್ತು ಅಂದ್ರು. ನೀನು ಜಗಳಕ್ಕೆ ಬಂದಿದ್ದೀಯ.”

“ನನಗೊಂದು ಮಾತು ಹೇಳಬಾರದಿತ್ತಾ?”

“ಬಾಗಿಲು ತಟ್ಟಿ ತಟ್ಟಿ ಸಾಕಾಯ್ತು. ಆ ತಾಣದ ಅಡಿಯಲ್ಲಿ ನಿನ್ನ ಹೆಸರು ನೋಡಿದ್ದೆ. ಅಕ್ಕ ಮಾಡಿದ್ದು, ಭದ್ರವಾಗಿರುತ್ತೆ ಅಂತ ನಂಬಿ ಬರೆದೆ.”

ಏನೋ ಒದರಲು ಹೊರಟವಳು ಆಗ ಅಪ್ಪನನ್ನು ನೋಡಿದೆ. ಲಕ್ವ ಹೊಡೆದಾಗಿನಿಂದ ಅವರಿಗೆ ಮಾತಿಲ್ಲ. ಬಲಗೆನ್ನೆಯ ಮೇಲೆ ಬೆರಳಿನ ಗುರುತುಗಳು ಮೂಡಿದ್ದವು.

“ಹೊಡೆದ್ಯಾ?”

“ಹೂಂ. ಬೆಳಿಗ್ಗೆ.” ಬ್ಯಾಗಿನ ಜಿಪ್ ಎಳೆದಳು. “ಯಾರಾದ್ರೂ ಒಬ್ಬರು ಒಂದು ಮಾತು ಆಡಿದ್ರೆ ಹೊಡೀತಿರಲಿಲ್ಲ, ಅಕ್ಕ. ತಾಣ ಸರಿಹೋಗುತ್ತೆ ಅಂತ ಮೂರು ದಿನ ಕಾದೆ. ನೀನು ಲಾಗ್ ಬೇಕು, ಲಾಗ್ ಬೇಕು ಅಂತ ಕೂತಿದ್ಯಂತೆ.”

“ಥೂ! ಹೆತ್ತ ಅಪ್ಪನಿಗೆ ಹೊಡೆಯೋಕೆ ಮನಸ್ಸಾದ್ರೂ ಹೇಗೆ ಬಂತೇ ನಿನಗೆ? ರಾಕ್ಷಸಿ!”

“ಇನ್ನೊಂದು ಸಲ ಕೈ ಎತ್ತಬಾರದು ಅಂತಾನೇ ಹೋಗ್ತಿದ್ದೀನಿ. ಗೆಳತಿ ಮನೇಲಿ ಇರ್ತೀನಿ. ಮಾತ್ರೆ ಕಿಟಕಿ ಹತ್ತಿರ ಇದೆ. ಆರು ಗಂಟೆಗೆ ಊಟ.”

“ಹೋಗೇ, ಹೋಗು! ನನಗೇನು ಕೈಕಾಲಿಲ್ವಾ? ನಿನಗಿಂತ ಚೆನ್ನಾಗಿ ನೋಡ್ಕೋತೀನಿ.”

ಅವಳು ಅಪ್ಪನ ಹೊದಿಕೆ ಸರಿಮಾಡಿ ಹೋದಳು. ನನ್ನ ಮುಖ ನೋಡಲಿಲ್ಲ.

ಆರು ಗಂಟೆಗೆ ಅನ್ನವನ್ನು ಹಾಲಿನಲ್ಲಿ ಕಿವುಚಿ ತಂದು ಕೂತೆ. ಅಪ್ಪ ಬಾಗಿಲ ಕಡೆಗೇ ನೋಡುತ್ತಿದ್ದರು. ಮೊದಲ ಎರಡು ಚಮಚ ಹೋಯಿತು. ಮೂರನೆಯದನ್ನು ಕಚ್ಚಿ ಹಿಡಿದರು. “ಬಿಡಪ್ಪ” ಎಂದೆ. ಬಿಡಲಿಲ್ಲ. “ಬಿಡು ಅಂದ್ನಲ್ಲ!” ಎಂದು ಜಗ್ಗಿದೆ. ಚಮಚ ಕಿತ್ತುಬಂತು, ಹಾಲನ್ನವೆಲ್ಲ ಅವರ ಕತ್ತಿನೊಳಗೆ, ಹಾಸಿಗೆಯ ಮೇಲೆ, ನನ್ನ ತೋಳಿಗೆ ಚೆಲ್ಲಿತು. ಒರೆಸಿ ಮತ್ತೆ ಕೊಟ್ಟೆ. ನನ್ನ ಮುಖದ ಮೇಲೇ ಉಗಿದರು.

ಅವರು ಕಣ್ಣು ಮುಚ್ಚಿ ಕೆನ್ನೆ ಬಿಗಿ ಮಾಡಿಕೊಂಡಾಗಲೇ ನನಗೆ ಗೊತ್ತಾದದ್ದು, ನನ್ನ ಕೈ ಮೇಲೆದ್ದಿದೆ ಎಂದು. ತಂಗಿಗೆ ಇಲ್ಲಿಗೆ ಬರಲು ಐದು ವರ್ಷ ಹಿಡಿದಿತ್ತು. ನನಗೆ ಒಂದು ಹೊತ್ತಿನ ಊಟ ಸಾಕಾಯಿತು.